ನೋವು ಏನ್ ಮಾಡ್ತದ?

ನಮ್ಮ ಓಣಿಯ ಇಬ್ಬರು ಹುಡುಗಿಯರು ಈಚೆಗೆ ನರ್ಸಿಂಗ್ ಮುಗಿಸಿ ಸರಕಾರಿ ದವಾಖಾನೆಯ ಕೆಲಸಕ್ಕೆ ಸೇರಿದರು. ಪೇಢೆ ಕೊಡಲು ಮನೆಗೆ ಬಂದವರು, ಆಂಟಿ, ನಮಗೂ ಏನಾದರೂ ಹೇಳಿಕೊಡಿರಿ ಎಂದರು. ಸೂಜಿ ಚುಚ್ಚುವುದು, ಸಲೈನ್ ಹಚ್ಚುವುದು ಅವರಿಗೆ ಈಗಾಗಲೇ ಬರುತ್ತದೆ. ಹೊಸ ಯಂತ್ರಗಳ ವಿಷಯದಲ್ಲಂತೂ ಅವರೇ ನನಗೆ ಪಾಠ ಹೇಳಬೇಕು. ಹಾಗಾಗಿ ಒಂದೇ ಒಂದು ಇಂಗ್ಲಿಷ್ ಶಬ್ದದ ಬಗ್ಗೆ ಹೇಳುತ್ತೇನೆ ಎಂದೆ. ಯಾವ ಶಬ್ದ ಎಂದು ಕೇಳಿದರು. ಪೇನ್ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅವರ ವಯಸ್ಸಿನಲ್ಲಿ ನಾನೂ ಹೀಗೇ ನಕ್ಕವಳು, ಆದ್ದರಿಂದ ಸಿಟ್ಟು ಬರಲಿಲ್ಲ. ಬಾಯಲ್ಲಿ ಹೇಳಿದರೆ ಪೇಢೆಯ ಜೊತೆಗೇ ಕರಗಿಹೋಗುತ್ತದೆ ಎಂದು ಬರೆದಿಡುತ್ತಿದ್ದೇನೆ.

ನನ್ನ ಬಡ್ತಿಗಳ ಕಥೆಯನ್ನು ಬಿಟ್ಟುಬಿಡುತ್ತೇನೆ. ಅದನ್ನು ಬರೆಯುತ್ತಾ ಕೂತರೆ ನನಗೇ ತೂಕಡಿಕೆ ಬರುತ್ತದೆ. ನಾನು ಕೆಲಸ ಮಾಡಿದ್ದು ಮರಾಠಿ ಸೀಮೆಯ ಗಡಿಯ ಮೂರು ಊರುಗಳಲ್ಲಿ: ಮೊದಲು ಉಮರ್ಗಾ, ಆಮೇಲೆ ನಿಲಂಗಾ, ಕೊನೆಗೆ ಉದಗೀರ. ನನ್ನ ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ಮರಾಠಿ, ಸೋಲಾಪುರದಲ್ಲಿ ನರ್ಸಿಂಗ್ ಕಲಿತದ್ದು ಇಂಗ್ಲಿಷಿನಲ್ಲಿ. ನಮ್ಮ ಕಡೆ ಇದೇನೂ ದೊಡ್ಡ ಮಾತಲ್ಲ. ಸಂತೆಗೆ ಹೋದವರು ಕನ್ನಡದಲ್ಲಿ ಬೆಲೆ ಕೇಳಿ, ಮರಾಠಿಯಲ್ಲಿ ಚೌಕಾಸಿ ಮಾಡಿ, ಸರಿಹೋಗದಿದ್ದರೆ ಉರ್ದುವಿನಲ್ಲಿ ಬೈದು ಬರುತ್ತಾರೆ. ಮೂರು ಭಾಷೆ ಇದ್ದವಳಿಗೆ ದವಾಖಾನೆಯಲ್ಲಿ ಏನು ಕಷ್ಟ ಎಂದು ನಾನು ಜಂಬದಿಂದಲೇ ಉಮರ್ಗಾಕ್ಕೆ ಹೋದೆ.

ಅಲ್ಲಿ ಹೊರರೋಗಿಗಳ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ರೋಗಿ ಏನು ಹೇಳಿದರೂ ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಪೇನ್ ಎಂದು ಬರೆಯುತ್ತಿದ್ದೆ. ತಲೆಯಲ್ಲಿ ಪೇನ್, ಹೊಟ್ಟೆಯಲ್ಲಿ ಪೇನ್, ಮೊಣಕಾಲಲ್ಲಿ ಪೇನ್. ನಮ್ಮ ಹಿರಿಯ ದಾದಿ ಸರೋಜಿನಿ ಸಿಸ್ಟರ್ ಒಂದು ದಿನ ಆ ಚೀಟಿಗಳನ್ನೆಲ್ಲ ಇಸ್ಪೀಟಿನ ಎಲೆಗಳ ಹಾಗೆ ಮೇಜಿನ ಮೇಲೆ ಹರಡಿ ನೋಡಿದರು. ಆಕೆ ಮರಾಠಿಯವರು. ಕನ್ನಡ ಮುರುಕು ಮುರುಕಾಗಿ ಬರುತ್ತಿತ್ತು. ಇಡೀ ಉಮರ್ಗಾ ತಾಲೂಕಿಗೆ ಒಂದೇ ರೋಗ ಬಂದಿದೆಯಲ್ಲ ಎಂದು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

ಅದೇ ವಾರ ಅಡತಿ ಅಂಗಡಿಯಲ್ಲಿ ಮೂಟೆ ಹೊರುವ ಹಮಾಲನೊಬ್ಬ ಬಂದ. ಮುಖವೆಲ್ಲ ಬೆವರು. ನೋವದ ಏನು ಎಂದು ನಾನು ಕೇಳಿದೆ. ಇಲ್ಲ ಎಂದ. ಎರಡನೇ ಸಲ ಕೇಳಿದರೂ ಇಲ್ಲ ಎಂದೇ ಹೇಳಿದ. ಸರೋಜಿನಿ ಸಿಸ್ಟರ್ ಎದ್ದು ಬಂದು, ಅವನ ಕೈಯನ್ನೇ ಹಿಡಿದು ಅವನ ಎದೆಯ ಮೇಲಿಟ್ಟು, ತಮ್ಮ ಮುರುಕು ಕನ್ನಡದಲ್ಲಿ, "ಇಲ್ಲಿ ಏನ್ ಮಾಡ್ತದ?" ಎಂದು ಕೇಳಿದರು.

"ಬೀಸೂಕಲ್ಲ ತಂದು ಎದಿ ಮ್ಯಾಲ ಇಟ್ಟಂಗ ಆಗ್ಲಿಕತ್ತದರೀ," ಎಂದ ಅವನು. "ನೋವಿಲ್ಲ. ಭಾರ ಅದ."

ಅವನ ಲೆಕ್ಕದಲ್ಲಿ ನೋವೆಂದರೆ ಪೆಟ್ಟು ಬಿದ್ದಾಗ ಆಗುವುದು. ಎದೆಯ ಮೇಲಿನ ಭಾರಕ್ಕೆ ನೋವೆಂದು ಯಾರು ಹೇಳುತ್ತಾರೆ? ಡಾಕ್ಟರು ಓಡಿ ಬಂದರು, ಅವನನ್ನು ಸೋಲಾಪುರಕ್ಕೆ ಕಳಿಸಿದರು. ಮುಂದೆ ಅವನು ಬಜಾರಿನಲ್ಲಿ ಸಿಕ್ಕಾಗಲೆಲ್ಲ, ಕಲ್ಲು ಇಳಿಸಿದ ಸಿಸ್ಟರಬಾಯಿ ಹೆಂಗ ಅದಾರ ಎಂದು ಸರೋಜಿನಿ ಸಿಸ್ಟರನ್ನು ವಿಚಾರಿಸುತ್ತಿದ್ದ. ಅಂದು ಸಿಸ್ಟರ್ ನನಗೆ ಬೈಯಲಿಲ್ಲ. ಪೇನ್ ಎಂದು ಬರೆ, ಬೇಡ ಎನ್ನುವುದಿಲ್ಲ, ಆದರೆ ಅದು ಏನು ಮಾಡುತ್ತದೆ ಎಂದು ಕೇಳಿ ಅದರ ಮುಂದೆ ಬರೆ ಎಂದರು. ನನ್ನ ಇಡೀ ನೌಕರಿ ಆ ಒಂದು ಪ್ರಶ್ನೆಯ ಮೇಲೆ ನಡೆಯಿತು. ಆ ತಾಯಿಯ ಉಪಕಾರವನ್ನು ನಾನು ಮರೆತಿಲ್ಲ.

ಹಾಗೆ ಕೇಳತೊಡಗಿದ ಮೇಲೆಯೇ ನನ್ನ ಮನೆಮಾತು ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು. ನಮ್ಮವರ ಹೊಟ್ಟೆ ಕಡಿಯುತ್ತದೆ, ಹಿಂಡುತ್ತದೆ, ಉರಿಯುತ್ತದೆ. ತಲೆ ಸಿಡಿಯುತ್ತದೆ. ಕಾಲು ಹರಿಯುತ್ತವೆ. ಸೊಂಟಕ್ಕೆ ಚಳಕು ಹಿಡಿಯುತ್ತದೆ. ನರ ಜಗ್ಗುತ್ತದೆ. ಹುಣ್ಣು ಕುಟುಕುತ್ತದೆ. ಹೆರಿಗೆಯದು ಬ್ಯಾನಿ, ಜ್ವರದ್ದೂ ಬ್ಯಾನಿ, ಮಗಳ ಸಂಬಂಧ ಮುರಿದರೆ ಅವ್ವನ ಮನಸ್ಸಿಗೂ ಬ್ಯಾನಿ. ಮರಾಠಿಯವರು ಬಂದರೆ ಅವರ ಮಿಡಿಯುವ ಠಣಕಾ ಬೇರೆ, ಚುಚ್ಚಿ ಬರುವ ಕಳ ಬೇರೆ. ಇಷ್ಟನ್ನೆಲ್ಲ ತಂದು ನಾನು ಪೇನ್ ಎಂಬ ಒಂದೇ ಡಬ್ಬಿಗೆ ತುಂಬಿ ಮುಚ್ಚಳ ಹಾಕುತ್ತಿದ್ದೆ.

ನಿಲಂಗಾಕ್ಕೆ ವರ್ಗವಾದಾಗ ಅಲ್ಲಿ ಸಾವಂತ ಡಾಕ್ಟರು ಇದ್ದರು. ಕೊಂಕಣದ ಕಡೆಯವರು, ಇನ್ನೂ ಹುಡುಗರು. ಕನ್ನಡದ ಗಂಧವಿಲ್ಲ, ಅವರ ಕೊಂಕಣದ ಮರಾಠಿ ನಮ್ಮ ಹಳ್ಳಿಯವರಿಗೆ ಹಿಡಿಯುತ್ತಿರಲಿಲ್ಲ. ಅವರ ಮೊದಲ ಕಷ್ಟವೆಂದರೆ ನಮ್ಮವರ ಮರ್ಯಾದೆ. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಆರಾಮ ಎನ್ನಲೇಬೇಕು. ಅದು ನಮ್ಮ ಕಡೆಯ ರೀತಿ. ಬಾವಿಯ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡ ಮುದುಕನೊಬ್ಬ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ, "ಆರಾಮ ಇದ್ದೀನ್ರೀ ಸಾಹೇಬ್ರ. ನೀವು ಆರಾಮ? ಊಟ ಆಯ್ತ್ರೀ?" ಎಂದು ಕೇಳಿದ. ಡಾಕ್ಟರು ನನ್ನ ಕಡೆ ತಿರುಗಿ, ಹಾಗಾದರೆ ಇವರನ್ನು ಯಾಕೆ ತಂದರು ಎಂದರು. ಮೊದಲು ನಿಮ್ಮ ಊಟದ ವಿಷಯ ಹೇಳಿ, ಆಮೇಲೆ ಕಾಲು ಏನು ಮಾಡುತ್ತದೆ ಎಂದು ಕೇಳಿರಿ ಎಂದೆ.

ಅವರಿಗೆ ಕಲಿಯುವ ಹುಚ್ಚು ಇತ್ತು. ಏನ್ ಮಾಡ್ತದ ಎಂಬುದನ್ನು ಅಂದೇ ಬಾಯಿಪಾಠ ಮಾಡಿಕೊಂಡರು. ಮರುದಿನ ಬಂದ ಮೊದಲ ಮುದುಕಿಗೆ, ಎಲ್ಲಿ ಎಂದು ತೋರಿಸದೆ, ಬರೀ ಏನ್ ಮಾಡ್ತದ ಎಂದು ಕೇಳಿಬಿಟ್ಟರು. ಮುದುಕಿ ತನ್ನ ಎಮ್ಮೆ ಹೊತ್ತಿಗೆ ಸರಿಯಾಗಿ ಹಾಲು ಕೊಡುವುದಿಲ್ಲ, ಮೊನ್ನೆ ಹಗ್ಗ ಹರಿದುಕೊಂಡು ಹೋಗಿತ್ತು ಎಂದು ಶುರುಮಾಡಿದಳು. ಡಾಕ್ಟರು ಗಂಭೀರವಾಗಿ ತಲೆ ಆಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನಾನು ಬಿಡಿಸಿ ಹೇಳಿದಾಗ ನನಗಿಂತ ಹೆಚ್ಚು ನಕ್ಕವರು ಅವರೇ.

ಮಧ್ಯಾಹ್ನ ರೋಗಿಗಳು ಕಡಿಮೆಯಾದಾಗ ನಮ್ಮದು ಒಂದು ಆಟ ನಡೆಯುತ್ತಿತ್ತು. ಅವರು ಇಂಗ್ಲಿಷಿನ ಒಂದು ನೋವು ಹೇಳಬೇಕು, ನಾನು ಅದಕ್ಕೆ ನಮ್ಮ ಮಾತು ಹೊಂದಿಸಬೇಕು. ಇಂಗ್ಲಿಷ್ ಬಡ ಭಾಷೆಯಲ್ಲ ಎಂದು ನನಗೆ ತೋರಿಸಿಕೊಟ್ಟವರು ಅವರೇ. ಒಂದೇ ಸಮನೆ ಮಂದವಾಗಿ ನೋಯುವುದು ಏಕ್, ಸ್ನಾಯು ಗಂಟು ಕಟ್ಟಿದರೆ ಕ್ರ್ಯಾಂಪ್, ಕರುಳು ಹಿಂಡಿ ಹಿಂಡಿ ಬಿಟ್ಟರೆ ಕೊಲಿಕ್, ನಾಡಿಯ ಜೊತೆ ಕುಣಿದರೆ ಥ್ರಾಬ್, ಮುಟ್ಟಿದರೆ ಮಾತ್ರ ನೋಯುವುದು ಸೋರ್. ತಾಯಿ ಹೆರುವಾಗಿನದು ಪೇನ್ಸ್, ಮನಸ್ಸಿಟ್ಟು ಕಷ್ಟಪಟ್ಟು ಕೆಲಸ ಮಾಡಿದರೆ ಅದೂ ಪೇನ್ಸ್ ಎಂದು ಅವರು ಹೇಳಿದಾಗ, ಹಾಗಿದ್ದರೆ ಸಂಬಳ ಸಿಗುವ ಪೇನ್ ನಮ್ಮದೊಂದೇ ಎಂದು ನಾನು ಅಂದಿದ್ದೆ. ನನ್ನ ಕಿಸೆಯಲ್ಲಿದ್ದ ಶಬ್ದಗಳಿಗೆ ದೇಹದೊಳಗಿನ ಕಾರಣಗಳನ್ನು ಹೊಂದಿಸಿ ಕೊಟ್ಟವರು ಅವರು. ಹಿಂಡುವುದಕ್ಕೂ ಉರಿಯುವುದಕ್ಕೂ ಒಳಗೆ ಏನು ಭೇದ ಎಂದು ಒಬ್ಬ ನರ್ಸನ್ನು ಕೂಡಿಸಿಕೊಂಡು ಹೇಳುವ ಡಾಕ್ಟರು ಎಲ್ಲರಿಗೂ ಸಿಗುವುದಿಲ್ಲ.

ಮಹಾನಂದಾಳನ್ನು ಕರೆತಂದದ್ದು ಅವರ ಕಾಲದಲ್ಲೇ. ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆಯುವ ಹೊತ್ತಿಗೆ ಎತ್ತಿನ ಗಾಡಿ ನಿಂತಿತ್ತು. ಗಾಡಿ ಹೊಡೆದುಕೊಂಡು ಬಂದ ಗಂಡ ಹೊರಗೇ ಉಳಿದ. ಅತ್ತೆ ನೀಲಮ್ಮ ಸೊಸೆಯ ರಟ್ಟೆ ಹಿಡಿದು ಒಳಗೆ ತಂದಳು. ಹೊಲ ಮನೆ ಇದ್ದ, ಲಿಂಗ ಕಟ್ಟಿಕೊಂಡ ನಮ್ಮಂಥದೇ ಮನೆತನ. ನಮ್ಮ ಕಡೆ ಆದ ದೊಡ್ಡ ಭೂಕಂಪದ ನಂತರ ಹೊಸದಾಗಿ ಕಟ್ಟಿದ ಹಳ್ಳಿ ಅವರದು. ಆ ಭೂಕಂಪದಲ್ಲಿ ನೀಲಮ್ಮ ತನ್ನ ಒಬ್ಬಳೇ ಮಗಳನ್ನು ಕಳೆದುಕೊಂಡಿದ್ದಳು. ಆಮೇಲೆ ಮನೆಗೆ ಬಂದ ಸೊಸೆಯನ್ನು ಕಣ್ಣಿಂದ ಮರೆಯಾಗಲು ಬಿಡುತ್ತಿರಲಿಲ್ಲ. ದವಾಖಾನೆಯಲ್ಲೂ ಕೈ ಬಿಡಲಿಲ್ಲ.

ಡಾಕ್ಟರು ಮಹಾನಂದಾಳನ್ನು ಕೇಳುತ್ತಿದ್ದರು, ಉತ್ತರ ನೀಲಮ್ಮನಿಂದ ಬರುತ್ತಿತ್ತು. ನಿನ್ನೆ ಹೊಟ್ಟೆ ನೋಯುತ್ತಿತ್ತು, ಉಂಡದ್ದು ಜೀರ್ಣವಾಗಿಲ್ಲ, ಬಿಸಿಲಲ್ಲಿ ಹೊಲಕ್ಕೆ ಹೋಗಿದ್ದಳು, ಈಗ ಕಡಿಮೆಯಾಗಿದೆ. ಸೊಸೆ ಸೆರಗು ಹೊದ್ದುಕೊಂಡು ಗೋಡೆ ನೋಡುತ್ತಿದ್ದಳು. ಇದನ್ನು ಓದುವವರು ನೀಲಮ್ಮನನ್ನು ಕೆಟ್ಟವಳೆಂದು ತಿಳಿಯಬಾರದು. ನಮ್ಮ ಮನೆಗಳಲ್ಲಿ ಸೊಸೆಯಾದವಳು ಹಿರಿಯರೆದುರು ತನ್ನ ಮೈಯ ಮಾತು ಆಡುವುದಿಲ್ಲ. ಅವಳ ಪರವಾಗಿ ಅತ್ತೆ ಆಡುತ್ತಾಳೆ. ನೀಲಮ್ಮನ ಪರವಾಗಿ ಅವಳ ಅತ್ತೆ ಆಡಿದ್ದಳು, ನನ್ನ ಪರವಾಗಿ ನನ್ನ ಅತ್ತೆಯೂ ಆಡಿದ್ದರು.

ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ನಾಡಿ ಹಿಡಿದು, ನನ್ನನ್ನು ಬಾಗಿಲಾಚೆ ಕರೆದರು. ನಾಡಿ ಓಡುತ್ತಿದೆ, ಹುಡುಗಿ ಬಿಳಿಚಿಕೊಂಡಿದ್ದಾಳೆ, ಇದು ಅಜೀರ್ಣವಲ್ಲ, ಆದರೆ ಅವಳ ಬಾಯಿಂದ ಒಂದು ಮಾತೂ ಬರುತ್ತಿಲ್ಲ, ಏನಾದರೂ ಮಾಡಿ ಮಾತಾಡಿಸಿರಿ ಎಂದರು. ಅತ್ತೆಯನ್ನು ಹೊರಗೆ ಹೋಗಿ ಎಂದರೆ ಅವಮಾನ. ಸಿಟ್ಟಾಗಿ ಸೊಸೆಯನ್ನು ಮತ್ತೆ ಗಾಡಿಗೆ ಹತ್ತಿಸಿದರೂ ಹತ್ತಿಸಿದಳೇ.

ನಾನು ಒಳಗೆ ಹೋದಾಗ ನೀಲಮ್ಮನ ತುಟಿ ಒಣಗಿದ್ದು ಕಂಡಿತು. ನಸುಕಿಗೇ ಹೊರಟಿದ್ದಾರೆ, ಪೂಜೆಯಾಗಿಲ್ಲ, ಪೂಜೆಯಾಗದೆ ನೀರು ಮುಟ್ಟುವ ಹಾಗಿಲ್ಲ. ನನ್ನ ಮನೆಯ ಹಿರಿಯರನ್ನು ನೋಡಿ ಬೆಳೆದವಳಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

"ಯವ್ವಾ, ನಿಮ್ಮ ಲಿಂಗಪೂಜಾ ಆಗಿಲ್ಲ ಕಾಣ್ತದ," ಎಂದೆ. "ನಮ್ಮ ಖೋಲಿಯಾಗ ಸ್ವಚ್ಛ ಜಾಗ ಅದ, ನೀರು, ವಿಭೂತಿ ಎಲ್ಲಾ ಅದ. ಮಾಡ್ಕೊಂಡ ಬರ್ರಿ. ಅಲ್ಲಿತನಕ ನಾ ಇಲ್ಲೇ ಕೂಡ್ತೀನಿ."

ಅವಳು ನನ್ನ ಹಣೆಯ ವಿಭೂತಿ ನೋಡಿದಳು. ಸೊಸೆಯ ಮುಖ ನೋಡಿದಳು. ಆಮೇಲೆ ಕೈ ಬಿಟ್ಟು ಎದ್ದಳು. ಅವಳನ್ನು ನಮ್ಮ ಕೋಣೆಗೆ ಕರೆದೊಯ್ದು, ಅಂಗಳದ ಕಣಗಿಲೆ ಗಿಡದಿಂದ ಹೂವು ಕೊಟ್ಟು, ಬಾಗಿಲು ಎಳೆದು ಮುಂದೆ ಮಾಡಿ ಬಂದೆ.

ಮಹಾನಂದಾಳ ಪಕ್ಕ ಕೂತು ಅವಳ ಕೈಯನ್ನೇ ಹಿಡಿದು ಹೊಟ್ಟೆಯ ಮೇಲಿಟ್ಟು, ಏನು ಮಾಡುತ್ತದೆ ಎಂದು ಕೇಳಿದೆ. ಅವಳು ಬಾಗಿಲ ಕಡೆ ನೋಡಿದಳು. ಅತ್ತೆ ಪೂಜೆಗೆ ಕೂತಿದ್ದಾಳೆ ಎಂದೆ. ಆಗ ಅವಳು ಕೈಯನ್ನು ಹೊಟ್ಟೆಯಿಂದ ತೆಗೆದು ಹೆಗಲ ಮೇಲೆ ಇಟ್ಟುಕೊಂಡಳು.

"ಹೊಟ್ಟಿ ನಿನ್ನಿ ಹರದಂಗ ಆಗಿತ್ತರೀ. ಈಗ ಹೆಗಲ ಜಗ್ಗಲಿಕತ್ತದ. ಅಡ್ಡ ಆದ್ರ ಜಾಸ್ತಿ ಜಗ್ತದ." ದನಿ ತಗ್ಗಿಸಿ, ಮುಟ್ಟು ತಪ್ಪಿದೆ, ಇನ್ನೂ ಯಾರಿಗೂ ಹೇಳಿಲ್ಲ ಎಂದಳು.

ಹೆಗಲಿಗೂ ಹೊಟ್ಟೆಗೂ ಏನು ಸಂಬಂಧವೋ ನನಗೆ ಗೊತ್ತಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಡಾಕ್ಟರಿಗೆ ಒಪ್ಪಿಸಿದೆ. ಹೆಗಲು ಎಂದ ಕೂಡಲೇ ಅವರು ಕುರ್ಚಿಯಿಂದ ಎದ್ದರು. ಗರ್ಭ ಚೀಲದ ಹೊರಗೆ, ನಳಿಕೆಯಲ್ಲಿ ನಿಂತು ಒಡೆದಿದೆ, ಹೊಟ್ಟೆಯೊಳಗೆ ರಕ್ತ ಸೋರಿ ಮೇಲೇರಿದರೆ ನೋವು ಹೆಗಲಲ್ಲಿ ಕಾಣಿಸಿಕೊಳ್ಳುತ್ತದೆ, ಈಗಲೇ ಆಪರೇಶನ್ ಆಗದಿದ್ದರೆ ಹುಡುಗಿ ಉಳಿಯುವುದಿಲ್ಲ ಎಂದರು. ನಿಲಂಗಾದಲ್ಲಿ ಆಗ ಆ ಸೌಕರ್ಯ ಇರಲಿಲ್ಲ. ಲಾತೂರಿಗೆ ಒಯ್ಯಲು ಜೀಪು ಸಿದ್ಧವಾಯಿತು. ಸಲೈನ್ ಹಚ್ಚಿದೆವು. ಗಾಡಿ ಎತ್ತುಗಳನ್ನು ಊರು ಮುಟ್ಟಿಸಿ ಗಂಡ ಹಿಂದಿನಿಂದ ಬರುವುದೆಂದಾಯಿತು.

ಜೀಪಿನ ಇಂಜಿನ್ ಶುರುವಾಗಿದೆ, ನೀಲಮ್ಮ ಇನ್ನೂ ಪೂಜೆಯಲ್ಲಿದ್ದಾಳೆ. ನಾನು ಬಾಗಿಲು ಸರಿಸಿದೆ. ಎಡಗೈಯಲ್ಲಿ ಲಿಂಗ, ಕಣ್ಣು ಮುಚ್ಚಿದ್ದಾಳೆ. ನಮ್ಮ ಮನೆಯಲ್ಲಿ ಪೂಜೆಗೆ ಕೂತವರನ್ನು ಕರೆಯುವುದಿರಲಿ, ಅವರ ಎದುರಿಗೆ ಜೋರಾಗಿ ನಡೆಯುವುದೂ ಇಲ್ಲ. ಅವಳನ್ನು ಅಲ್ಲಿ ಕೂಡಿಸಿದವಳೂ ನಾನೇ.  ಆದರೂ ಕರೆದೆ. ಸೊಸೆಯನ್ನು ಲಾತೂರಿಗೆ ಒಯ್ಯಬೇಕು, ತಡಮಾಡಿದರೆ ಉಳಿಯುವುದಿಲ್ಲ ಎಂದು ಇದ್ದದ್ದನ್ನೇ ಹೇಳಿದೆ.

ನೀಲಮ್ಮ ಕಣ್ಣು ತೆರೆದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಇಳಿಬಿಟ್ಟುಕೊಂಡು, ಏರಿಸಬೇಕಿದ್ದ ಹೂವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನಡೀರಿ," ಎಂದಳು. "ಅಂವಾ ನನ್ನ ಕೊರಳಾಗ ಬರ್ತಾನ."

ದಾರಿಯುದ್ದಕ್ಕೂ ಹುಡುಗಿಯನ್ನು ಮಾತಾಡಿಸುತ್ತಿರಿ, ಪ್ರಜ್ಞೆ ತಪ್ಪಿದರೆ ನಿಮಗೆ ಗೊತ್ತಾಗಬೇಕು ಎಂದು ಡಾಕ್ಟರು ಹೇಳಿದ್ದರು. ನಾನು ಸಲೈನ್ ಬಾಟಲಿ ಎತ್ತಿ ಹಿಡಿದುಕೊಂಡು ಕೇಳುತ್ತಲೇ ಇದ್ದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಹಾನಂದಾ ನನ್ನ ಪ್ರಶ್ನೆಗಳಿಗೆ ಬರೀ ಹೂಂ ಎನ್ನತೊಡಗಿದಳು. ಕಣ್ಣು ಮುಚ್ಚಿಕೊಳ್ಳುತ್ತಿದ್ದವು. ನೀಲಮ್ಮ ತನ್ನ ಅಭ್ಯಾಸದಂತೆ, ಆಕಿಗಿ ದಣಿವಾಗ್ಯಾದ, ಆಕಿಗಿ ನಿದ್ದಿ ಬಂದದ ಎಂದು ಉತ್ತರ ಕೊಡುತ್ತಿದ್ದಳು.

"ಯವ್ವಾ, ನೀವು ಹೇಳಬ್ಯಾಡ್ರಿ," ಎಂದೆ ನಾನು. "ನೀವು ಕೇಳ್ರಿ."

 ಜೀಪು ಕುಲುಕುತ್ತಿತ್ತು. ಅವಳು ಸೊಸೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಜನ್ಮದಲ್ಲಿ ಎಂದೂ ಕೇಳದ ಪ್ರಶ್ನೆಯನ್ನು ಕೇಳಲು ಅವಳಿಗೆ ಒಂದಿಷ್ಟು ಹೊತ್ತು ಬೇಕಾಯಿತು.

"ನಂದಾ. ಏನ್ ಮಾಡ್ಲಿಕತ್ತದವ್ವಾ?"

ಮಹಾನಂದಾ ಕಣ್ಣು ಬಿಟ್ಟಳು. "ಹೆಗಲ ಜಗ್ತದ ಅತ್ತಿ. ಕಣ್ಣಿಗಿ ಕತ್ತಲಿ ಬರ್ತದ."

"ಮತ್ತ?"

"ಅಂಜಿಕಿ ಬರ್ತದ."

"ನನಗೂ ಬರ್ಲಿಕತ್ತದ," ಎಂದಳು ನೀಲಮ್ಮ. "ನೀ ಮಾತಾಡು, ನಾ ಕೇಳ್ತೀನಿ."

ಲಾತೂರು ಬರುವ ತನಕ ಅವರಿಬ್ಬರೂ ಮಾತಾಡಿದರು. ಮುಟ್ಟು ತಪ್ಪಿದ ಮಾತನ್ನೂ ಅವಳು ಅತ್ತೆಗೆ ಹೇಳಿದಳು. ನಾನು ಬಾಟಲಿ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅಳು ಬರುತ್ತಿತ್ತು. ಆದರೆ ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಒಂದರಲ್ಲಿ ಬಾಟಲಿ, ಇನ್ನೊಂದರಲ್ಲಿ ಮಹಾನಂದಾಳ ನಾಡಿ ಇತ್ತು.

ಆಪರೇಶನ್ ಮುಗಿದು, ಜೀವಕ್ಕೆ ಭಯವಿಲ್ಲ ಎಂದು ಅಲ್ಲಿಯ ಡಾಕ್ಟರು ಹೊರಗೆ ಬಂದು ಹೇಳಿದಾಗ ಬಿಸಿಲು ಇಳಿದಿತ್ತು. ನೀಲಮ್ಮ ಎದ್ದು ನಲ್ಲಿಯಲ್ಲಿ ಕೈಕಾಲು ತೊಳೆದು, ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಸೆರಗಿನ ಗಂಟು ಬಿಚ್ಚಿ, ಬಾಡಿದ ಆ ಕಣಗಿಲೆ ಹೂವನ್ನೇ ಏರಿಸಿ ಬೆಳಗಿನ ಪೂಜೆ ಮುಗಿಸಿದಳು. ಆಮೇಲೆಯೇ ನೀರು ಕುಡಿದಳು. ನನಗೂ ಒಂದು ಲೋಟ ತಂದುಕೊಟ್ಟಳು. ನಾನೂ ಬೆಳಿಗ್ಗೆಯಿಂದ ಏನೂ ಕುಡಿದಿಲ್ಲವೆಂಬುದು ನನಗೆ ಆಗಲೇ ನೆನಪಾದದ್ದು.

ಸಾವಂತ ಡಾಕ್ಟರು ಬಳಿಕ ತಮ್ಮ ಕಡೆಗೆ ವರ್ಗವಾಗಿ ಹೋದರು. ನಾನು ಉದಗೀರಕ್ಕೆ ಬಂದೆ. ಅಷ್ಟರಲ್ಲಿ ಕಾಲ ಬದಲಾಗಿತ್ತು. ಮೊಬೈಲ್ ಹಿಡಿದ ಹುಡುಗರು ಬಂದು, ಪೇನ್ ಅದರೀ, ಪೇನ್ ಕಿಲ್ಲರ್ ಕೊಡ್ರಿ ಎನ್ನುತ್ತಿದ್ದರು. ನಾನು ಬಿಡಬೇಕಾಗಿ ಬಂದಿದ್ದ ಕೆಟ್ಟ ಚಾಳಿಯನ್ನು ಊರಿಗೆ ಊರೇ ಕಲಿತುಬಿಟ್ಟಿತ್ತು. ಗೋಡೆಗೆ ಒಂದು ಚಿತ್ರಪಟವೂ ಬಂತು: ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಮುಖಗಳು, ಕೆಳಗೆ ಸೊನ್ನೆಯಿಂದ ಹತ್ತರ ತನಕ ಅಂಕಿ. ನಿನ್ನ ನೋವು ಎಷ್ಟು ಎಂದು ರೋಗಿ ಬೆರಳಿಟ್ಟು ತೋರಿಸಬೇಕು. ಒಬ್ಬ ಅಜ್ಜಿ ಕೊನೆಯ ಮುಖ ನೋಡಿ, ಪಾಪ, ಇಂವಗೇನಾಗ್ಯಾದ ಎಂದು ಮರುಗಿದಳು. ಒಬ್ಬ ರೈತ ಅಂಕಿಗಳನ್ನು ಬದಿಗೆ ಸರಿಸಿ, ಬೆಳೆಯ ಅಂದಾಜನ್ನು ಆಣೆಗಳಲ್ಲಿ ಹೇಳುವ ಗತ್ತಿನಲ್ಲಿ, ನಿನ್ನೆ ಹದಿನಾರಾಣೆ ಇತ್ತು, ಇವತ್ತು ಹತ್ತಾಣೆಗೆ ಇಳಿದಿದೆ ಎಂದ. ನಾನು ಆ ಪಟವನ್ನು ಹಳಿಯುವುದಿಲ್ಲ. ಮಾತೇ ಹೊರಡದವರಿಗೆ ಅದು ದೊಡ್ಡ ಆಸರೆ. ಆದರೆ ಹುಡುಗಿಯರೇ, ಅಂಕಿ ಬರೆದುಕೊಂಡ ಮೇಲೆ ಏನು ಮಾಡುತ್ತದೆ ಎಂದೂ ಕೇಳಿರಿ. ಕೇಳುವ ಮೊದಲು ಅವರ ಪರವಾಗಿ ಮಾತಾಡುವವರನ್ನು ಮರ್ಯಾದೆಯಿಂದ ಸ್ವಲ್ಪ ಹೊತ್ತು ಆಚೆ ಕಳಿಸುವ ದಾರಿ ಹುಡುಕಿರಿ.

ಆ ದಾರಿಯನ್ನು ನಾನೇ ಕಂಡುಹಿಡಿದೆ, ಅದು ಯಾರಿಗೂ ಗೊತ್ತಾಗಿಲ್ಲ ಎಂದು ನಾನು ಬಹಳ ವರ್ಷ ಒಳಗೊಳಗೇ ಹಿಗ್ಗುತ್ತಿದ್ದೆ.

ನಿವೃತ್ತಿಗೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಉದಗೀರದ ದವಾಖಾನೆಯ ಗೇಟಿನ ಹತ್ತಿರ ಯಾರೋ ಸಿಸ್ಟರಬಾಯಿ ಎಂದು ಕೂಗಿದರು. ನೀಲಮ್ಮ. ಬೆನ್ನು ಬಾಗಿತ್ತು, ದನಿ ಹಾಗೇ ಇತ್ತು. ಉದಗೀರದಲ್ಲಿದ್ದ ತಂಗಿಯ ಮನೆಗೆ ಬಂದವಳು, ತಂಗಿಯ ಸೊಸೆಗೆ ಮೈಯಲ್ಲಿ ನೆಟ್ಟಗಿಲ್ಲ ಎಂದು ಜೊತೆಗೆ ದವಾಖಾನೆಗೆ ಬಂದಿದ್ದಳು. ಮಹಾನಂದಾ ಗಟ್ಟಿಯಾಗಿದ್ದಾಳೆ, ಹೊಲದ ವ್ಯವಹಾರವೆಲ್ಲ ಅವಳದೇ ಎಂದಳು. ನನ್ನ ಎರಡೂ ಕೈ ಹಿಡಿದುಕೊಂಡು ಗೇಟಿನ ಮುಂದಿನ ಕೈಗಾಡಿಯ ಚಹಾ ಕುಡಿಸಿದಳು, ತಾನೂ ಬಸಿಯಲ್ಲಿ ಹಾಕಿಕೊಂಡು ಕುಡಿದಳು. ಆಮೇಲೆ ಎಲ್ಲರೂ ಒಳಗೆ ಬಂದೆವು.

ತಂಗಿಯ ಸೊಸೆ ಬೆಂಚಿನ ಮೇಲೆ ಸೆರಗು ಹೊದ್ದುಕೊಂಡು ಗೋಡೆ ನೋಡುತ್ತಾ ಕೂತಳು. ನಾನು ಹುಡುಗಿಯನ್ನು ಕೇಳಿದೆ. ನೀಲಮ್ಮನ ತಂಗಿ, ಆಕಿಗಿ ಏನಿಲ್ಲರೀ, ಬರೇ ತಲಿ ನೋವು ಎಂದು ಉತ್ತರ ಕೊಡತೊಡಗಿದಳು. ನೀಲಮ್ಮ ತಂಗಿಯ ತೋಳು ಹಿಡಿದಳು.

"ಏಳು, ಹೊರಗ ಹೋಗೂಣು. ನಂದಿನ್ನಾ ಪೂಜಾ ಆಗಿಲ್ಲ. ನೀನೂ ನನ್ನ ಜೋಡಿ ಬಾ."

ತಂಗಿ ಬೆರಗಾದಳು. "ಈಗರ ಚಾ ಕುಡದೆಲ್ಲಕ್ಕಾ?"

"ಆಗಿಲ್ಲ ಅಂದ್ರ ಆಗಿಲ್ಲ," ಎಂದಳು, ಪೂಜೆಯಾಗದೆ ಗುಟುಕು ನೀರನ್ನೂ ಮುಟ್ಟದ ಆ ಹೆಂಗಸು. ತಂಗಿಯನ್ನು ಎಬ್ಬಿಸಿಕೊಂಡು ಹೋಗುತ್ತಾ ಬಾಗಿಲಲ್ಲಿ ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಕಣ್ಣಲ್ಲಿ ನಗು ಇತ್ತು. ಹೋಗುವಾಗ ಬಾಗಿಲನ್ನು ತಾನೇ ಮುಂದೆ ಮಾಡಿಕೊಂಡಳು.

ನಾನು ಹುಡುಗಿಯ ಪಕ್ಕ ಕೂತೆ. ಅವಳ ಸೆರಗು ನಿಧಾನವಾಗಿ ಕೆಳಗಿಳಿಯಿತು.